ಡೊಂಬಿವಲಿಯಲ್ಲಿ ಕಟ್ಟಿದ ತೆರಿಗೆ ಯಾವ ರಾಜ್ಯದ ಲೆಕ್ಕಕ್ಕೆ?

ಡೊಂಬಿವಲಿ ಪೂರ್ವ
ಮಾರ್ಚ್ 12, 2025, ರಾತ್ರಿ 10.20

ನಾಲ್ಕು ದಿನದೊಳಗೆ ಎರಡು ಬಜೆಟ್ ಮುಗಿಯಿತು. 7ಕ್ಕೆ ಬೆಂಗಳೂರಿನಲ್ಲಿ ಸಿದ್ದರಾಮಯ್ಯ, 10ಕ್ಕೆ ಮುಂಬಯಿಯಲ್ಲಿ ಅಜಿತ್ ಪವಾರ್. ದಿಲ್ಲಿಯದ್ದು ಫೆಬ್ರವರಿ 1ಕ್ಕೇ ಆಗಿತ್ತು. ಮೂರನ್ನೂ ಟಿವಿಯಲ್ಲಿ ನೋಡಿದೆ. ಮೂರರಲ್ಲೂ ನಾನು ಎಲ್ಲಿದ್ದೇನೆ ಅಂತ ಗೊತ್ತಾಗಲಿಲ್ಲ.

ನಿನ್ನೆ ಸಂಜೆ ಲೋಕಲ್‌ನಲ್ಲಿ ಥಾಣೆ ದಾಟಿದ ಮೇಲೆ ಕೂರಲು ಜಾಗ ಸಿಕ್ಕಿತು. ಪಕ್ಕದಲ್ಲಿ ದಿನಾ ಜೊತೆಗೆ ಬರುವ ಮರಾಠಿ ಗೆಳೆಯ. ನನ್ನ ಮೊಬೈಲಿನಲ್ಲಿ ಕನ್ನಡ ಸುದ್ದಿ ನೋಡಿ ಕೇಳಿದ, 'ಹೋದ ವರ್ಷ ನಿಮ್ಮ ಸರ್ಕಾರದವರು ನನ್ನ ತೆರಿಗೆ ನನ್ನ ಹಕ್ಕು ಅಂತ ಜಂತರ್ ಮಂತರ್‌ನಲ್ಲಿ ಕೂತಿದ್ದರಲ್ಲ. ನೀನು ಕಟ್ಟುವ ತೆರಿಗೆ ನಿಮ್ಮದಾ, ನಮ್ಮದಾ?' ತಮಾಷೆಗೇ ಕೇಳಿದ್ದು. ಆದರೆ ದಿವಾ ಬರುವವರೆಗೂ ನನಗೆ ಉತ್ತರ ಹೊಳೆಯಲಿಲ್ಲ.

22 ವರ್ಷದಿಂದ ಇಲ್ಲೇ ಇದ್ದೇನೆ. ಟಿಡಿಎಸ್ ಇಲ್ಲೇ. ವೃತ್ತಿ ತೆರಿಗೆಯೂ ಇಲ್ಲೇ, ಫೆಬ್ರವರಿಯಲ್ಲಿ 200ರ ಬದಲು 300 ಮುರಿಯುತ್ತಾರಲ್ಲ, ಅದು. ಅಮ್ಮ ಕುಂದಾಪುರದ ಹತ್ತಿರ ಒಬ್ಬರೇ ಇದ್ದಾರೆ, ಅವರಿಗೆ ಗೃಹಲಕ್ಷ್ಮಿಯ 2,000 ಬರುತ್ತದೆ. ತಿಂಗಳು ತಪ್ಪಿದರೆ ಮೊದಲ ಫೋನು ನನಗೇ, ನಾನೇ ತಡೆದಿಟ್ಟ ಹಾಗೆ. ಹಾಗಾದರೆ ಈ 'ನನ್ನ ತೆರಿಗೆ'ಯಲ್ಲಿ 'ನನ್ನ' ಅಂದರೆ ಯಾರು? ತಿಳಿದವರು ಹೇಳಿ. ಬೈಯುವವರೂ ಬನ್ನಿ, ಸ್ವಲ್ಪ ಲೆಕ್ಕ ಹಿಡಿದುಕೊಂಡು ಬನ್ನಿ.

ಥಾಣೆ ಹೋಟೆಲಿನವ
ಮಾರ್ಚ್ 12, ರಾತ್ರಿ 11.50

ಶಟರ್ ಎಳೆದು ಈಗ ಕೂತೆ ಮಾರಾಯ್ರೆ. ಸಂಬಳದವರು ನೀವು, ವರ್ಷಕ್ಕೊಮ್ಮೆ ತೆರಿಗೆ ನೆನಪಾಗುತ್ತದೆ. ನನಗೆ ಪ್ರತಿ ದೋಸೆಗೆ ನೆನಪಾಗುತ್ತದೆ. 80 ರೂಪಾಯಿ ದೋಸೆಗೆ 4 ರೂಪಾಯಿ ಜಿಎಸ್‌ಟಿ. ಎರಡು ರಾಜ್ಯಕ್ಕೆ, ಎರಡು ದಿಲ್ಲಿಗೆ. ಗಿರಾಕಿ ಆ ನಾಲ್ಕು ರೂಪಾಯಿಯನ್ನು ನನ್ನ ಜೇಬಿಗೆ ಹಾಕಿದ ಹಾಗೆ ಮುಖ ನೋಡುತ್ತಾನೆ.

ಯಾರೂ ಮಾತಾಡದ ಒಂದು ವಿಷಯ ಹೇಳುತ್ತೇನೆ. ನನ್ನ ಜಾಗದ ಬಾಡಿಗೆ ತಿಂಗಳಿಗೆ 1,20,000. ಮಾಲಕರು ವಯಸ್ಸಾದವರು, ಅವರಿಗೆ ಜಿಎಸ್‌ಟಿ ನಂಬರ್ ಇಲ್ಲ. 2024ರ ಅಕ್ಟೋಬರ್ 10ರಿಂದ ನಿಯಮ ಬದಲಾಯಿತು. ಮಾಲಕರಿಗೆ ನಂಬರ್ ಇಲ್ಲದಿದ್ದರೆ ಬಾಡಿಗೆಯ ಮೇಲಿನ 18 ಪರ್ಸೆಂಟ್ ನಾನೇ ಕಟ್ಟಬೇಕು. 21,600 ಆಯಿತು. ಬೇರೆ ವ್ಯಾಪಾರದವರು ಅದನ್ನು ಇನ್‌ಪುಟ್ ಕ್ರೆಡಿಟ್ ಅಂತ ವಾಪಸ್ ಹಿಡಿಯಬಹುದು. ನಮಗೆ ಅದೂ ಇಲ್ಲ. 5 ಪರ್ಸೆಂಟ್ ಹೋಟೆಲಿಗೆ ಕ್ರೆಡಿಟ್ ಕೊಡುವುದಿಲ್ಲ ಅಂತ 2017ರ ನವೆಂಬರಿನಿಂದಲೇ ನಿಯಮ. ಕಾಂಪೊಸಿಷನ್ ಅಂತ ಸಣ್ಣ ವಹಿವಾಟಿನವರಿಗೆ ಇರುವ ಸುಲಭ ಪದ್ಧತಿಯವರಿಗೆ ಈ ಬಾಡಿಗೆ ತೆರಿಗೆಯನ್ನು ಆಮೇಲೆ ಬಿಟ್ಟುಕೊಟ್ಟರು. ಒಂದೂವರೆ ಕೋಟಿ ದಾಟಿದವರಿಗೆ ಬಿಡಲಿಲ್ಲ. ಮುಂಬಯಿ ಬಾಡಿಗೆಯಲ್ಲಿ ಒಂದೂವರೆ ಕೋಟಿ ವಹಿವಾಟು ಅಂದರೆ ದೊಡ್ಡ ಸಾಹುಕಾರ ಅಂದುಕೊಂಡಿದ್ದಾರೆ. ಸಂಬಳ, ಗ್ಯಾಸು, ಬಾಡಿಗೆ ಕಳೆದು ಉಳಿಯುವುದು ನೋಡಲಿ ಒಮ್ಮೆ.

ಈ ನಿಯಮ ಯಾವ ಬಜೆಟ್ ಭಾಷಣದಲ್ಲೂ ಬರಲಿಲ್ಲ, ಗೊತ್ತಾಯಿತಾ? ಜಿಎಸ್‌ಟಿ ಕೌನ್ಸಿಲಿನಲ್ಲಿ ಆಯಿತು. ಅಲ್ಲಿ ಎಲ್ಲ ರಾಜ್ಯದ, ಎಲ್ಲ ಪಕ್ಷದ ಮಂತ್ರಿಗಳೂ ಕೂರುತ್ತಾರೆ. ಟಿವಿಯಲ್ಲಿ ಕಚ್ಚಾಡುವವರು ಅಲ್ಲಿ ಒಟ್ಟಿಗೆ ಕೂತು ನನ್ನ ಬಾಡಿಗೆಗೆ 18 ಹಾಕುತ್ತಾರೆ.

ಮಾಟುಂಗಾ ನಿವೃತ್ತ
ಮಾರ್ಚ್ 13, ಬೆಳಿಗ್ಗೆ 6.40

ಡೊಂಬಿವಲಿಯವರೇ, ನಿಮ್ಮ ಗೆಳೆಯರಿಗೆ ಹೀಗೆ ಹೇಳಿ. ಆದಾಯ ತೆರಿಗೆ ಕಟ್ಟುವುದು ದಿಲ್ಲಿಗೆ. ನಿಮ್ಮದೂ ಅಲ್ಲ, ಅವರದ್ದೂ ಅಲ್ಲ. ಪಟ್ಟಿ ಮಾಡುವಾಗ ಮಾತ್ರ ಮಹಾರಾಷ್ಟ್ರದ ಸಾಲಿಗೆ ಬೀಳುತ್ತದೆ, ಅಷ್ಟೆ. ಕಂಪನಿಗಳದ್ದೂ ಹಾಗೇ. ಕಾರ್ಖಾನೆ ಒಡಿಶಾದಲ್ಲೋ ಕರ್ನಾಟಕದಲ್ಲೋ ಇರುತ್ತದೆ, ರಿಜಿಸ್ಟರ್ಡ್ ಆಫೀಸು ನರೀಮನ್ ಪಾಯಿಂಟಿನಲ್ಲಿ. ತೆರಿಗೆ ಮುಂಬಯಿಯ ಹೆಸರಿನಲ್ಲಿ. 'ಇಷ್ಟು ಕೊಟ್ಟೆವು, ಇಷ್ಟೇ ಬಂತು' ಅನ್ನುವ ಪಟ್ಟಿಗಳನ್ನು ಯಾರೇ ಹಂಚಿದರೂ ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. 34 ವರ್ಷ ಬ್ಯಾಂಕಿನಲ್ಲಿ ಲೆಜರ್ ನೋಡಿದ ಚಟ.

ಜಿಎಸ್‌ಟಿ ಬೇರೆ. ಮಾಲು ಎಲ್ಲಿ ಖರ್ಚಾಗುತ್ತದೋ ಆ ರಾಜ್ಯಕ್ಕೆ ಪಾಲು. ನೀವು ಡೊಂಬಿವಲಿಯಲ್ಲಿ 4,000 ರೂಪಾಯಿಯ ಮಿಕ್ಸಿ ಕೊಂಡಿರಿ ಅಂತಿಟ್ಟುಕೊಳ್ಳಿ. 18ರಂತೆ 720 ತೆರಿಗೆ. ಅದರಲ್ಲಿ 360 ಮಹಾರಾಷ್ಟ್ರ ಸರ್ಕಾರಕ್ಕೆ. ಅದನ್ನೇ ಬಸ್ಸಿಗೆ ಹಾಕಿ ಅಮ್ಮನಿಗೆ ಕಳಿಸಿದರೆ ಮಿಕ್ಸಿ ಕುಂದಾಪುರದಲ್ಲಿ ತಿರುಗುತ್ತದೆ, 360 ಮುಂಬಯಿಯಲ್ಲೇ ಉಳಿಯುತ್ತದೆ. ಅಮ್ಮನೇ ಅಲ್ಲಿ ಕೊಂಡರೆ ಆ 360 ಕರ್ನಾಟಕಕ್ಕೆ.

ಇನ್ನು ಜಗಳದ ಮೂಲ. 15ನೇ ಹಣಕಾಸು ಆಯೋಗ ಕೇಂದ್ರ ಹಂಚಬೇಕಾದ ತೆರಿಗೆಯಲ್ಲಿ ರಾಜ್ಯಗಳಿಗೆ 41 ಪರ್ಸೆಂಟ್ ಅಂದಿತು. ಈ ಸಲದ ಬಜೆಟ್ ಪುಸ್ತಕ ತೆಗೆಯಿರಿ. ಕೇಂದ್ರದ ಒಟ್ಟು ತೆರಿಗೆ 42.70 ಲಕ್ಷ ಕೋಟಿ. ರಾಜ್ಯಗಳ ಪಾಲು 14.22 ಲಕ್ಷ ಕೋಟಿ. ಭಾಗಿಸಿ ನೋಡಿ, 33 ಚಿಲ್ಲರೆ ಬರುತ್ತದೆ. ಉಳಿದ ಎಂಟು ಎಲ್ಲಿ ಹೋಯಿತು? ಮುಖ್ಯವಾಗಿ ಸೆಸ್ಸು, ಸರ್ಚಾರ್ಜು ಅನ್ನುವ ಮೇಲ್ತೆರಿಗೆಗಳು. ಅವುಗಳನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾಗಿಲ್ಲ.

ಪೆಟ್ರೋಲ್ ನೋಡಿ. ಇವತ್ತು ಮುಂಬಯಿಯಲ್ಲಿ ಲೀಟರಿಗೆ 103 ಚಿಲ್ಲರೆ. ಅದರಲ್ಲಿ ಕೇಂದ್ರದ ಎಕ್ಸೈಸ್ 19 ರೂಪಾಯಿ 90 ಪೈಸೆ. ರಾಜ್ಯಗಳ ಜೊತೆ ಹಂಚುವ ಮೂಲ ಸುಂಕ ಎಷ್ಟು ಗೊತ್ತಾ? 1 ರೂಪಾಯಿ 40 ಪೈಸೆ. ಉಳಿದದ್ದೆಲ್ಲ ಬೇರೆ ಬೇರೆ ಹೆಸರಿನಲ್ಲಿ ದಿಲ್ಲಿಯ ಡಬ್ಬಿಗೆ. ನನ್ನ ಮಟ್ಟಿಗೆ ಸಿಟ್ಟು ಮಾಡಬೇಕಾದ ಜಾಗ ಇದು.

ಹಿಂಜವಡಿ ಕ್ಯಾಬ್
ಮಾರ್ಚ್ 13, ಬೆಳಿಗ್ಗೆ 9.05

ಸಾರ್, ಲೆಕ್ಕ ಚೆನ್ನಾಗಿದೆ, ಆದರೆ ಅರ್ಧ. ಆ ಸೆಸ್ ದುಡ್ಡೇನು ದಿಲ್ಲಿಯಲ್ಲಿ ಹೂತಿಡುತ್ತಾರಾ? ಹೆದ್ದಾರಿ, ರೈಲು ಎಲ್ಲಿ ಆಗುತ್ತವೆ, ರಾಜ್ಯಗಳಲ್ಲೇ ಅಲ್ವಾ? ಈ ವರ್ಷ ಬಂಡವಾಳ ವೆಚ್ಚ 11.21 ಲಕ್ಷ ಕೋಟಿ. ರಾಜ್ಯಗಳಿಗೆ 50 ವರ್ಷದ ಬಡ್ಡಿಯಿಲ್ಲದ ಸಾಲ ಅಂತ 1.5 ಲಕ್ಷ ಕೋಟಿ ಬೇರೆ. 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ, ಸಂಬಳದವರಿಗೆ 12.75. ನನ್ನ ಸಂಬಳ ಅದಕ್ಕಿಂತ ಸ್ವಲ್ಪ ಜಾಸ್ತಿ, ಆದರೂ ಏಪ್ರಿಲ್‌ನಿಂದ ಕೈಗೆ ಬರುವುದು ಜಾಸ್ತಿಯೇ. ಸುಮ್ನೆ ಬೈಯುವುದಕ್ಕಿಂತ ಇದನ್ನೂ ಹೇಳಿ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಕರ್ನಾಟಕದ ಬಜೆಟ್ 4,09,549 ಕೋಟಿ. ಅದರಲ್ಲಿ ಗ್ಯಾರಂಟಿಗೆ 51,034 ಕೋಟಿ. ಸಾಲ ಜಿಎಸ್‌ಡಿಪಿಯ, ಅಂದರೆ ರಾಜ್ಯದ ಒಟ್ಟು ಉತ್ಪನ್ನದ, 24.91 ಪರ್ಸೆಂಟ್, ಮಿತಿ 25. ಅಂಚಿಗೆ ತಂದು ನಿಲ್ಲಿಸಿದ್ದಾರೆ. ಅತ್ತೆಯ ಧನ ಅಳಿಯ ದಾನ ಮಾಡಿದ ಹಾಗೆ ಹಂಚಿ, ಆಮೇಲೆ ದಿಲ್ಲಿ ಕೊಡಲಿಲ್ಲ ಅಂದರೆ? ಮೋದಿಯವರು 2022ರಲ್ಲೇ ರೇವಡಿ ಸಂಸ್ಕೃತಿ, ಪುಕ್ಕಟೆ ಮಿಠಾಯಿ ಹಂಚುವುದು, ಅಂತ ಎಚ್ಚರಿಸಿದ್ದರು.

ಥಾಣೆ ಹೋಟೆಲಿನವ
ಮಾರ್ಚ್ 13, ಮಧ್ಯಾಹ್ನ 3.30

ಹಿಂಜವಡಿ ಭಾವ, ರೇವಡಿ ಅಂದಿರಿ. ಮಹಾರಾಷ್ಟ್ರ ಸರ್ಕಾರ ಹೆಂಗಸರಿಗೆ ದುಡ್ಡು ಹಾಕುವ ಲಾಡ್ಕಿ ಬಹೀಣ್ ಯಾವ ಮಿಠಾಯಿ? ಚಿಕ್ಕಿಯಾ?

ನಮ್ಮ ಅಡುಗೆಭಟ್ಟರ ಹೆಂಡತಿಗೆ ಹೋದ ವರ್ಷ ರಕ್ಷಾಬಂಧನದ ಹೊತ್ತಿಗೆ ಎರಡು ತಿಂಗಳದ್ದು ಒಟ್ಟಿಗೆ 3,000 ಬಂತು. ಆ ದಿನ ಭಟ್ಟರು ಹಿಟ್ಟಿನ ಕೈಯಲ್ಲೇ ಮೊಬೈಲ್ ತಂದು ತೋರಿಸಿದರು. ಮೆಸೇಜು ಮರಾಠಿಯಲ್ಲಿತ್ತು, ನನ್ನಿಂದ ಓದಿಸಿದರು. ಚುನಾವಣೆಯಲ್ಲಿ 1,500 ಇದ್ದದ್ದು 2,100 ಮಾಡುತ್ತೇವೆ ಅಂದರು. 10ನೇ ತಾರೀಕಿನ ಬಜೆಟ್ಟಿನಲ್ಲಿ 36,000 ಕೋಟಿ ಇಟ್ಟಿದ್ದಾರೆ, 2,100ರ ಸುದ್ದಿಯೇ ಇಲ್ಲ. ಭಟ್ಟರು ಮೊನ್ನೆಯಿಂದ ಸಾಂಬಾರಿಗೆ ಖಾರ ಜಾಸ್ತಿ ಹಾಕುತ್ತಿದ್ದಾರೆ.

ಮಹಾರಾಷ್ಟ್ರದ ಸಾಲ 9.32 ಲಕ್ಷ ಕೋಟಿ. ಅದು ಯಾರ ಅತ್ತೆಯ ಧನ?

ಹಿಂಜವಡಿ ಕ್ಯಾಬ್
ಮಾರ್ಚ್ 13, ಮಧ್ಯಾಹ್ನ 3.42

ಮಹಾರಾಷ್ಟ್ರದ ಜಿಎಸ್‌ಡಿಪಿ ದೊಡ್ಡದು. ಸಾಲ 19 ಪರ್ಸೆಂಟಿನ ಒಳಗೇ ಇದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಲಾಡ್ಕಿ ಬಹೀಣ್ ಬಗ್ಗೆ ಮಾತ್ರ ನಿಮ್ಮ ಮಾತು ಒಪ್ಪಿದೆ. ಪಕ್ಷ ನೋಡಿ ರೇವಡಿ ಅನ್ನುವುದು ಸರಿಯಲ್ಲ.

ವಾಸ್ಕೊ ಅಕ್ಕ
ಮಾರ್ಚ್ 13, ಸಂಜೆ 5.15

ಮಹಿಳೆಯರಿಗೆ ದುಡ್ಡು ಹಾಕುವುದನ್ನು ಕಾಂಗ್ರೆಸ್ಸೇ ಕಂಡುಹಿಡಿದ ಹಾಗೆ, ಇಲ್ಲಾ ಬಿಜೆಪಿಯೇ ಕೆಡಿಸಿದ ಹಾಗೆ ಮಾತಾಡುತ್ತಿದ್ದೀರಿ. ಗೋವಾದಲ್ಲಿ ಪರಿಕ್ಕರ್ ಇದ್ದಾಗ, 2012ರಲ್ಲೇ, ಗೃಹ ಆಧಾರ ಶುರುವಾಯಿತು. ಈಗ ತಿಂಗಳಿಗೆ 1,500. ಆದರೆ 15 ವರ್ಷ ಗೋವಾದಲ್ಲಿ ವಾಸ ಇದ್ದದ್ದಕ್ಕೆ ದಾಖಲೆ ಬೇಕು.

ನಮ್ಮ ಬಿಲ್ಡಿಂಗಿನಲ್ಲಿ ಪಾತ್ರೆ ತಿಕ್ಕಲು ಬರುವಾಕೆ ಬಾದಾಮಿ ಕಡೆಯವಳು. ಬಂದು 11 ವರ್ಷ ಆಯಿತು. ಇಲ್ಲಿ 15 ಆಗಿಲ್ಲ. ಊರಿನ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆ, ಹಾಗಾಗಿ ಗೃಹಲಕ್ಷ್ಮಿ ಅತ್ತೆಗೆ. ಮಹಾರಾಷ್ಟ್ರದ್ದು ಕೇಳುವ ಹಾಗೇ ಇಲ್ಲ. ಮೂರು ಸರ್ಕಾರ ಮಹಿಳೆಯರಿಗೆ ದುಡ್ಡು ಹಂಚುತ್ತಿವೆ, ಇವಳಿಗೆ ಮೂರರಿಂದಲೂ ಸೊನ್ನೆ. ಸೋಪಿಗೆ, ಎಣ್ಣೆಗೆ ಜಿಎಸ್‌ಟಿ ಮಾತ್ರ ತಪ್ಪದೆ ಕಟ್ಟುತ್ತಾಳೆ. 'ನನ್ನ ತೆರಿಗೆ ನನ್ನ ಹಕ್ಕು' ಅಂತ ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಇವಳಿಗೆ.

ಹಾಂ, ಇನ್ನೊಂದು. ಇಲ್ಲಿ ಮಹದಾಯಿ ಸುದ್ದಿ ಬಂದರೆ ನಾನು ನೀರು ಕದಿಯುವ ರಾಜ್ಯದವಳು. ಊರಿಗೆ ಹೋದರೆ ನೀರು ಕೊಡದ ಗೋವಾದವಳು. 2018ರಲ್ಲಿ ಟ್ರಿಬ್ಯೂನಲ್ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ಕೊಟ್ಟಾಗ ಎರಡೂ ಕಡೆಯಿಂದ ನನಗೇ ಫೋನು!

ಯಾದಗಿರಿಯಿಂದ ಪಿಂಪ್ರಿ
ಮಾರ್ಚ್ 13, ರಾತ್ರಿ 9.30

ಅಕ್ಕಾರೆ, ನಿಮ್ಮ ಮಾತು ಖರೆ. ನಮ್ಮ ಸೈಟಿನಲ್ಲಿ 60 ಮಂದಿ ಇದ್ದಾರೆ. ಅರ್ಧಕ್ಕಿಂತ ಜಾಸ್ತಿ ಸುರಪುರ, ಶಹಾಪುರದವರು. ನಾನು ಮೇಸ್ತ್ರಿ, ಹಾಜರಿ ಬರೆಯುವವನು.

ಬ್ಯಾಂಕಿನ ಸಾಹೇಬರು ಸೆಸ್ಸಿನ ಬಗ್ಗೆ ಹೇಳಿದರು. ನಾನು ಇನ್ನೊಂದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ರಾಜ್ಯಗಳಿಗೆ ಹಂಚುವ ದುಡ್ಡಿನಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ 4.713 ಪರ್ಸೆಂಟ್ ಇತ್ತು. 15ರಲ್ಲಿ 3.647 ಆಯಿತು. ಯಾಕೆ? ಸೂತ್ರದಲ್ಲಿ ನೂರಕ್ಕೆ 45 ಅಂಕ ತಲಾ ಆದಾಯದ ಅಂತರಕ್ಕೆ. ಯಾವ ರಾಜ್ಯ ಬಡವಾಗಿದೆಯೋ ಅದಕ್ಕೆ ಜಾಸ್ತಿ. ಬೆಂಗಳೂರಿನ ಐಟಿ ಸಂಬಳ ಸೇರಿ ಕರ್ನಾಟಕದ ಸರಾಸರಿ ಮೇಲೆ ಹೋಯಿತು. ಕಾಗದದ ಮೇಲೆ ನಾವೂ ಸಾಹುಕಾರರಾದೆವು. ಸುರಪುರದವನು ಪಿಂಪ್ರಿಯಲ್ಲಿ ಕಲ್ಲು ಹೊರುತ್ತಿದ್ದಾನೆ, ಲೆಕ್ಕದಲ್ಲಿ ಅವನು ಶ್ರೀಮಂತ ರಾಜ್ಯದವನು.

ಅದಕ್ಕೇ ಈ ಘೋಷಣೆ ಕೇಳಿದರೆ ನನಗೆ ಒಂದು ಹೆದರಿಕೆ. ಇವತ್ತು ಬೆಂಗಳೂರು ದಿಲ್ಲಿಗೆ 'ನನ್ನ ತೆರಿಗೆ' ಅನ್ನುತ್ತದೆ. ನಾಳೆ ಬೆಂಗಳೂರಿನವರು ಯಾದಗಿರಿಗೆ ಅದೇ ಅಂದರೆ? ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ತಂದದ್ದು ಯಾಕೆ, ಕಲ್ಯಾಣ ಕರ್ನಾಟಕ ಮಂಡಳಿಗೆ 5,000 ಕೋಟಿ ಇಡುವುದು ಯಾಕೆ? ಇದ್ದ ಕಡೆಯಿಂದ ತೆಗೆದು ಇಲ್ಲದ ಕಡೆ ಕೊಡಬೇಕು ಅಂತಲೇ. ಅದೇ ಮಾತು ಬಿಹಾರದವನಿಗೂ ಅನ್ವಯ ಆಗಬೇಕಲ್ಲ. ನಮ್ಮ ಸೈಟಿನಲ್ಲಿ ಬಿಹಾರದವರೂ ಇದ್ದಾರೆ. ಒಂದೇ ಶೆಡ್ಡು.

ಗ್ಯಾರಂಟಿ ಬಗ್ಗೆ ಬೈಯುವವರಿಗೆ: ನನ್ನ ತಂಗಿ ಫ್ರೀ ಬಸ್ಸಿನಲ್ಲಿ ಶಹಾಪುರಕ್ಕೆ ಹೋಗಿ ಹೊಲಿಗೆ ಕಲಿತಳು. ಮೊದಲು ಹೋಗಿಬರುವ ಖರ್ಚಿಗೇ ಬೇಡ ಅಂದಿದ್ದರು ಮನೆಯಲ್ಲಿ. ಇಷ್ಟೇ ನನಗೆ ಗೊತ್ತು.

ಮಾಟುಂಗಾ ನಿವೃತ್ತ
ಮಾರ್ಚ್ 14, ಬೆಳಿಗ್ಗೆ 6.25

ಮೇಸ್ತ್ರಿಯವರೇ, ತಿದ್ದುವಂಥದ್ದು ಏನೂ ಇಲ್ಲ. ರಾತ್ರಿ ನಿದ್ದೆ ಬರದೆ ಗುಣಾಕಾರ ಮಾಡಿದೆ. 14.22 ಲಕ್ಷ ಕೋಟಿಗೆ 3.647 ಹಿಡಿದರೆ ಕರ್ನಾಟಕಕ್ಕೆ ಸುಮಾರು 51,900 ಕೋಟಿ. ಹಳೆಯ 4.713 ಇದ್ದಿದ್ದರೆ ಸುಮಾರು 67,000. ವ್ಯತ್ಯಾಸ 15,000 ಕೋಟಿ, ಒಂದೇ ವರ್ಷಕ್ಕೆ. ಇನ್ನೊಂದು ವಿಚಿತ್ರ ನೋಡಿ. ಗ್ಯಾರಂಟಿಯ ಖರ್ಚು 51,034. ದಿಲ್ಲಿಯಿಂದ ಬರುವ ಪಾಲು ಹೆಚ್ಚುಕಮ್ಮಿ ಅಷ್ಟೇ. ಹಿಂಜವಡಿಯವರು ಇದನ್ನು ಒಂದು ಥರ ಓದುತ್ತಾರೆ, ಸಿದ್ದರಾಮಯ್ಯನವರು ಇನ್ನೊಂದು ಥರ. ಅಂಕಿ ಮಾತ್ರ ಒಂದೇ.

ಅದೇ ಸೂತ್ರದಲ್ಲಿ ಮಹಾರಾಷ್ಟ್ರದ ಪಾಲು 5.521ರಿಂದ 6.317ಕ್ಕೆ ಏರಿತು. ಶ್ರೀಮಂತ ರಾಜ್ಯಗಳೆಲ್ಲ ಸೋತವು ಅನ್ನುವ ಮಾತೂ ಪೂರ್ತಿ ನಿಜ ಅಲ್ಲ ಅಂತಾಯಿತು.

ಥಾಣೆ ಹೋಟೆಲಿನವ
ಮಾರ್ಚ್ 14, ಮಧ್ಯಾಹ್ನ 4.00

ಒಂದು ಪ್ರಶ್ನೆ. ನಿರ್ಮಲಾ ಸೀತಾರಾಮನ್ ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದಿಂದಲೇ ಅಲ್ವಾ? 2023ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ಅಂತ ಅವರ ಬಾಯಲ್ಲೇ ಕೇಳಿದ್ದೆ. ಅದು ಬಂತಾ?

ಹಿಂಜವಡಿ ಕ್ಯಾಬ್
ಮಾರ್ಚ್ 14, ಸಂಜೆ 7.10

ಬಂದಿಲ್ಲ. ಅದು ನನಗೂ ಬೇಸರ. ಚುನಾವಣೆಗೆ ಮೂರು ತಿಂಗಳು ಮುಂಚೆ ಹೇಳಿದ ಮಾತು, ಅದಕ್ಕೆ ನಾನು ವಕಾಲತ್ತು ಹಾಕುವುದಿಲ್ಲ. ಬರ ಪರಿಹಾರಕ್ಕೂ 2024ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೇ ದುಡ್ಡು ಬಂದದ್ದು. ಆದರೆ ಕೇಳಿದ್ದು 18,000 ಕೋಟಿಗೂ ಜಾಸ್ತಿ, ಸಿಕ್ಕಿದ್ದು 3,400 ಚಿಲ್ಲರೆ. ಹತ್ತು ಕೇಳಿದರೆ ಎರಡು ಸಿಗುತ್ತದೆ ಅಂತ ರಾಜ್ಯಗಳೂ ಉಬ್ಬಿಸಿ ಕೇಳುವುದಿಲ್ಲವಾ?

ವೇದಿಕೆ ನೋಡಿಕೊಳ್ಳುವವರು
ಮಾರ್ಚ್ 14, ರಾತ್ರಿ 8.00

ನಾಯಕರ ಜಾತಿ, ಮನೆತನ ಎತ್ತಿದ ನಾಲ್ಕು ಕಾಮೆಂಟು ತೆಗೆದಿದ್ದೇನೆ. ರಾಹುಲ್ ಗಾಂಧಿ, ಮೋದಿ ಇಬ್ಬರ ಮೇಲೂ ಎರಡೆರಡು ಇದ್ದವು. ಮುಖ್ಯಮಂತ್ರಿ ಕುರ್ಚಿ ಸಿದ್ದರಾಮಯ್ಯನವರದ್ದೋ ಡಿ.ಕೆ. ಶಿವಕುಮಾರ್ ಅವರದ್ದೋ ಅನ್ನುವುದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೇಡ.

ಡೊಂಬಿವಲಿ ಪೂರ್ವ
ಮಾರ್ಚ್ 15, ರಾತ್ರಿ 10.45

ಎಲ್ಲ ಓದಿದೆ. ನನ್ನ ಮಟ್ಟಿಗೆ ಬಜೆಟ್ ಅಂದರೆ ಕೊನೆಗೆ ಒಂದೇ ಸಾಲು: ಕೊಂಕಣ ರೈಲ್ವೆ ಡಬ್ಲಿಂಗ್ ಯಾವಾಗ? ಮೊದಲು ರೈಲ್ವೆ ಬಜೆಟ್ ದಿನ ಆಫೀಸಿನಲ್ಲಿ ರೇಡಿಯೊ ಹಾಕಿಕೊಂಡು ಕಾಯುತ್ತಿದ್ದೆವು. 2017ರಿಂದ ಅದೂ ಇಲ್ಲ.

ಆ ರೈಲ್ವೆಯ ಕಥೆ ಈ ಚರ್ಚೆಗೆ ಸರಿಯಾಗಿ ಕೂರುತ್ತದೆ. 1990. ರೈಲ್ವೆ ಮಂತ್ರಿ ಜಾರ್ಜ್ ಫರ್ನಾಂಡಿಸ್, ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಕಾರ್ಮಿಕ ನಾಯಕ. 1967ರ ಚುನಾವಣೆಯಲ್ಲಿ ಮುಂಬಯಿಯಲ್ಲೇ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಸೋಲಿಸಿದವರು. ಹಣಕಾಸು ಮಂತ್ರಿ ಮಧು ದಂಡವತೆ, ಕೊಂಕಣದ ರಾಜಾಪುರದ ಸಂಸದ. ರೈಲ್ವೆಯ ಮಾಮೂಲಿ ದುಡ್ಡಿನಲ್ಲಿ ಇದು ಆಗುವುದಿಲ್ಲ ಅಂತ ಬೇರೆ ಕಂಪನಿ ಮಾಡಿದರು. ರೈಲ್ವೆ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ 6, ಕೇರಳ 6. ಉಳಿದದ್ದು ಬಾಂಡು ಮಾರಿ ತಂದರು. 1998ರ ಜನವರಿ 26ಕ್ಕೆ ಪೂರ್ತಿ ದಾರಿಯಲ್ಲಿ ರೈಲು ಓಡಿತು. ಅಪ್ಪ ಅದಕ್ಕೆ ಮುಂಚೆ ಊರಿಗೆ ಹೋಗುವಾಗ ಬಸ್ಸಿನಲ್ಲಿ ಇಡೀ ರಾತ್ರಿ, ಮರುದಿನ ಮಧ್ಯಾಹ್ನದವರೆಗೆ ಕೂತು ಕಾಲು ಊದಿಸಿಕೊಂಡು ಇಳಿಯುತ್ತಿದ್ದರು. ಆ ನಾಲ್ಕು ರಾಜ್ಯದ ಲೆಕ್ಕದಲ್ಲಿ ಯಾರ ತೆರಿಗೆ ಯಾರ ಹಳಿಯಾಯಿತು ಅಂತ ನಾನಂತೂ ಬಿಡಿಸಲಾರೆ.

ಆದರೆ ಬೇರೆ ಕಂಪನಿ ಆದದ್ದೇ ಈಗ ತೊಡಕು. ರೈಲ್ವೆಯ ಬಜೆಟ್ ದುಡ್ಡು ಇದಕ್ಕೆ ನೇರವಾಗಿ ಸಿಗುವುದಿಲ್ಲ. ಜೋಡಿ ಹಳಿ ಆಗಿರುವುದು ರೋಹಾದಿಂದ ವೀರ್‌ವರೆಗೆ ಮಾತ್ರ. ಭಾರತೀಯ ರೈಲ್ವೆಯಲ್ಲಿ ಸೇರಿಸಿ ಅಂತ ಕರ್ನಾಟಕ ಕೇಳುತ್ತಿದೆ, ಮಹಾರಾಷ್ಟ್ರದ ಒಪ್ಪಿಗೆಗೆ ಕಾಯುತ್ತಿದ್ದಾರೆ. ನನ್ನ ಗೆಳೆಯನ ಊರು ಚಿಪ್ಳೂಣ್. ಇದನ್ನು ಹೇಳಿದ್ದಕ್ಕೆ ಅವನು ಅಂದ, 'ಹಾಗಾದರೆ ಗಣಪತಿ ಹಬ್ಬಕ್ಕೆ ನನಗೆ ಟಿಕೆಟ್ ಸಿಗದೇ ಇರುವುದಕ್ಕೂ, ನಿನಗೆ ಸಿಗದೇ ಇರುವುದಕ್ಕೂ ಕಾರಣ ಒಂದೇ.'

ವಾಸ್ಕೊ ಅಕ್ಕ
ಮಾರ್ಚ್ 16, ಬೆಳಿಗ್ಗೆ 11.00

ಗೋವಾಕ್ಕೆ 6 ಪರ್ಸೆಂಟ್ ಅಂತ ನನಗೆ ಗೊತ್ತೇ ಇರಲಿಲ್ಲ. ಇನ್ನು ಮೇಲೆ ಮಡಗಾಂವ್‌ನಲ್ಲಿ ರೈಲು ತಡವಾದರೆ 6 ಪರ್ಸೆಂಟ್ ಬೈಗುಳ ನನ್ನ ಸರ್ಕಾರಕ್ಕೆ.

ಯಾದಗಿರಿಯಿಂದ ಪಿಂಪ್ರಿ
ಮಾರ್ಚ್ 16, ರಾತ್ರಿ 8.50

ನಿಮಗೆ ಒಂದೇ ಹಳಿಯಾದರೂ ಇದೆ. ಪಿಂಪ್ರಿಯಿಂದ ಸುರಪುರಕ್ಕೆ ಹೋಗಿ ನೋಡಿ ಒಂದ್ಸಲ. ಯುಗಾದಿಗೆ 14 ಜನ ಒಂದು ಜೀಪು ಮಾಡಿಕೊಂಡು ಹೊರಟಿದ್ದೇವೆ.

ಡೊಂಬಿವಲಿ ಪೂರ್ವ
ಮಾರ್ಚ್ 29, ರಾತ್ರಿ 9.30

ನಾಳೆ ಯುಗಾದಿ. ಊರಿಗೆ ಟಿಕೆಟ್ ಸಿಗಲಿಲ್ಲ, ಇಲ್ಲೇ ಪಕ್ಕದ ಮನೆಯವರು ಹಬ್ಬಕ್ಕೆ ಕೋಲಿಗೆ ಕಟ್ಟಿ ಏರಿಸುವ ಗುಡಿ ನೋಡಿಕೊಂಡು ಬೇವು ಬೆಲ್ಲ.

ಮಾಟುಂಗಾದ ಹಿರಿಯರ ಮಾತು ತಲೆಯಲ್ಲಿ ಕೂತಿತ್ತು. ಅಮ್ಮನ ಮಿಕ್ಸಿ ನಿಜವಾಗಿಯೂ ಹಾಳಾಗಿತ್ತು. ಇಲ್ಲಿಂದ ಕಳಿಸುವುದು ಬೇಡ, ಅಲ್ಲೇ ತಗೊಳ್ಳಿ, ಆ 360 ಕರ್ನಾಟಕಕ್ಕೇ ಹೋಗಲಿ ಅಂತ ದುಡ್ಡು ಹಾಕಿದೆ. ಈಗ ಅಮ್ಮನ ಫೋನು ಬಂದಿತ್ತು. ಅಂಗಡಿಯವನು ಬಿಲ್ ಬೇಡ ಅಂದರೆ 500 ಬಿಡುತ್ತೇನೆ ಅಂದನಂತೆ. ಅಮ್ಮ ಬಿಲ್ ಬೇಡ ಅಂದರಂತೆ. 'ನೀನೇನೋ ತೆರಿಗೆ ತೆರಿಗೆ ಅನ್ನುತ್ತಿದ್ದೆ ನೋಡು, ಪೂರಾ ಉಳಿಸಿದೆ' ಅಂತ ಬಹಳ ಖುಷಿಯಲ್ಲಿದ್ದರು.

ಥಾಣೆ ಹೋಟೆಲಿನವ
ಮಾರ್ಚ್ 29, ರಾತ್ರಿ 11.55

ವಾರಂಟಿ ಕಾರ್ಡಿಗೆ ಸೀಲು ಹಾಕಿಸಿಕೊಂಡರಾ?

ಡೊಂಬಿವಲಿ ಪೂರ್ವ
ಮಾರ್ಚ್ 30, ಬೆಳಿಗ್ಗೆ 7.10

ಇಲ್ಲ ಮಾರಾಯ್ರೆ. ಹಬ್ಬದ ದಿನ ಹೇಗೆ ಕೇಳಲಿ ಅಂತ ಸುಮ್ಮನಿದ್ದೇನೆ.